ಮಂಕು ಕಾಲದಲ್ಲಿ ಸರ್ಕಾರ ಯಾವುದಕ್ಕೆ ದುಡ್ಡು ಸುರಿಯಬೇಕು? ರಸ್ತೆಗೋ, ಜನರ ಖಾತೆಗೋ, ತೆರಿಗೆ ಕಡಿತಕ್ಕೋ?

ಪ್ರಶ್ನೆಪುಟ:
ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಭಾವನಿಗೂ ನನಗೂ ಜೋರು ವಾದ. ದೇಶದಲ್ಲಿ ವ್ಯಾಪಾರ ಬಿದ್ದಿದೆ, ಜನ ಕೆಲಸ ಕಳೆದುಕೊಳ್ಳುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಆಗ ಸರ್ಕಾರ ಸಾಲ ಮಾಡಿಯಾದರೂ ಖರ್ಚು ಮಾಡಬೇಕು ಅನ್ನುವುದಕ್ಕೆ ಇಬ್ಬರದೂ ಒಪ್ಪಿಗೆ ಇದೆ. ಯಾವುದಕ್ಕೆ ಅನ್ನುವಲ್ಲಿ ಜಗಳ.

ಭಾವ ಹೇಳುವುದು ರಸ್ತೆ, ಸೇತುವೆ. ಕೆಲಸವೂ ಸಿಗುತ್ತದೆ, ಕೊನೆಗೆ ಒಂದು ಆಸ್ತಿಯೂ ಉಳಿಯುತ್ತದೆ. ನಾನು ಹೇಳಿದ್ದು ಬಡವರ ಖಾತೆಗೆ ನೇರವಾಗಿ ದುಡ್ಡು ಹಾಕಿ, ನಾಳೆ ಬೆಳಗ್ಗೆಯೇ ಅದು ಅಂಗಡಿಗೆ ಬರುತ್ತದೆ. ಅಕ್ಕ ಮಧ್ಯೆ ಬಾಯಿ ಹಾಕಿ, "ತೆರಿಗೆ ಇಳಿಸಿದರೆ ನಿಮ್ಮಿಬ್ಬರ ಯೋಜನೆಯೂ ಬೇಡ" ಅಂದಳು.

ಸುಮ್ನೆ ಅಭಿಪ್ರಾಯ ಬೇಡ. ಇದನ್ನು ನಿಜವಾಗಿ ಮಾಡಿ, ಅಳೆದು ನೋಡಿದವರು ಇದ್ದಾರಾ?

ಸುಮ್ನೆ ಓದುಗ:
ಅಕ್ಕ ಗೆದ್ದರು. ಮುಂದಿನ ಪ್ರಶ್ನೆ.

ಲೆಕ್ಕಿಗ:
ಅಳೆದಿದ್ದಾರೆ, ಅಳೆದು ಜಗಳವನ್ನೂ ಆಡಿದ್ದಾರೆ. ಸರ್ಕಾರ ಹಾಕಿದ ದುಡ್ಡು ಕೈಯಿಂದ ಕೈಗೆ ಹೋಗಿ ಕೊನೆಗೆ ಎಷ್ಟು ಪಟ್ಟಾಗುತ್ತದೆ ಅನ್ನುವುದಕ್ಕೆ ಗುಣಕ ಅಂತ ಹೆಸರು. 1931ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಕಾನ್ ಬರೆದದ್ದು, ಆಮೇಲೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೇನ್ಸ್ ಅದನ್ನು ಎಲ್ಲರ ಬಾಯಿಗೆ ತಂದರು. ಲೆಕ್ಕ ಸುಲಭ. ಕೈಗೆ ಬಂದ 100ರಲ್ಲಿ ಜನ 80 ಖರ್ಚು ಮಾಡುತ್ತಾರೆ ಅಂದುಕೊಳ್ಳಿ. ಆ 80 ಇನ್ನೊಬ್ಬರ ಆದಾಯ, ಅವರು 64 ಖರ್ಚು ಮಾಡುತ್ತಾರೆ, ಅದನ್ನು ಪಡೆದವರು 51. ಹೀಗೆ ಕೂಡಿಸುತ್ತಾ ಹೋದರೆ 100 ಹೋಗಿ 500 ಆಗುತ್ತದೆ, ಅಂದರೆ ಗುಣಕ 5. ಅರ್ಧ ಮಾತ್ರ ಖರ್ಚು ಮಾಡುವವರ ಕೈಗೆ ಹೋದರೆ 200ಕ್ಕೇ ನಿಂತುಬಿಡುತ್ತದೆ.

ಇದು ಪುಸ್ತಕದ ಲೆಕ್ಕ. ನಿಜ ಜೀವನದಲ್ಲಿ ಪ್ರತಿ ಸುತ್ತಿನಲ್ಲೂ ಸೋರಿಕೆ. ಒಂದಿಷ್ಟು ತೆರಿಗೆಗೆ, ಒಂದಿಷ್ಟು ಉಳಿತಾಯಕ್ಕೆ, ಒಂದಿಷ್ಟು ಹೊರದೇಶದ ಸಾಮಾನಿಗೆ. ಹಾಗಾಗಿ 5 ಯಾರಿಗೂ ಸಿಕ್ಕಿಲ್ಲ. 1.5 ಸಿಕ್ಕರೆ ಖುಷಿಪಡುತ್ತಾರೆ.

ನಿಮ್ಮ ಮನೆಯ ಮೂವರಿಗೂ ಒಂದೊಂದು ಅಂಕಿ ಕೊಡುತ್ತೇನೆ. ಮೂಡೀಸ್ ಕಂಪನಿಯ ಅರ್ಥಶಾಸ್ತ್ರಜ್ಞ ಮಾರ್ಕ್ ಜಾಂಡಿ 2008ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಇಟ್ಟ ಅಂದಾಜು ಇದು. ಒಂದು ಡಾಲರ್ ಬಡವರ ಆಹಾರ ಕೂಪನ್ನಿಗೆ ಹೋದರೆ ಜಿಡಿಪಿಗೆ 1.73. ನಿರುದ್ಯೋಗ ಭತ್ಯೆಗೆ 1.64. ಮೂಲಸೌಕರ್ಯಕ್ಕೆ 1.59. ಕಂಪನಿ ತೆರಿಗೆ ಇಳಿಸಿದರೆ 0.30.

ಪ್ರಶ್ನೆಪುಟ:
0.30! ಇದನ್ನು ಅಕ್ಕನಿಗೆ ಈಗಲೇ ಕಳಿಸುತ್ತೇನೆ.

ಮೊಂಡುವಾದಿ:
ಸ್ವಲ್ಪ ತಡೆಯಿರಿ, ಕಳಿಸಬೇಡಿ. ಜಾಂಡಿಯ ಅಂಕಿಗಳು ಯಾರೋ ಅಳತೆಗೋಲು ಹಿಡಿದು ಅಳೆದದ್ದಲ್ಲ. ಕಂಪ್ಯೂಟರ್ ಮಾದರಿಯೊಳಗಿಂದ ಬಂದದ್ದು. ಬಡವರು ಜಾಸ್ತಿ ಖರ್ಚು ಮಾಡುತ್ತಾರೆ ಅಂತ ಮಾದರಿಗೆ ನಾವೇ ಹೇಳಿಕೊಟ್ಟಿದ್ದೇವೆ. ಅದು ತಿರುಗಿ ನಮಗೇ ಅದನ್ನು ಹೇಳುತ್ತಿದೆ. ಗಿಳಿಗೆ ಪಾಠ ಹೇಳಿ, ಆಮೇಲೆ ಗಿಳಿಯನ್ನೇ ಸಾಕ್ಷಿಗೆ ಕರೆದ ಹಾಗಾಯಿತು.

ಇನ್ನೊಂದು ಮಾತು. ಇವತ್ತಿನ ಸಾಲ ನಾಳಿನ ತೆರಿಗೆ. ಜನ ಅದನ್ನು ಊಹಿಸಿ ಈಗಲೇ ಉಳಿಸಲು ಶುರು ಮಾಡುತ್ತಾರೆ, ಸರ್ಕಾರ ಹಾಕಿದ್ದಕ್ಕೂ ಜನ ಎತ್ತಿಟ್ಟಿದ್ದಕ್ಕೂ ಸರಿಹೋಗುತ್ತದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಬ್ಯಾರೋ 1974ರಲ್ಲಿ ಬರೆದದ್ದು ಇದೇ ವಾದವನ್ನು.

ಮೂರನೇ ಬೆಂಚು:
ಕೆಲಸ ಹೋದವನು, ಮಗುವಿನ ಫೀಸು ಬಾಕಿ ಇರುವವನು, ಕೈಗೆ ದುಡ್ಡು ಬಂದಾಗ "ಇಪ್ಪತ್ತು ವರ್ಷದ ನಂತರ ತೆರಿಗೆ ಏರಬಹುದು, ಎತ್ತಿಡೋಣ" ಅಂತ ಕೂರುತ್ತಾನಾ? ಬ್ಯಾರೋ ಅವರ ಲೆಕ್ಕದ ಮನುಷ್ಯನನ್ನು ನಾನಂತೂ ಎಲ್ಲೂ ನೋಡಿಲ್ಲ.

ಮೊಂಡುವಾದಿ:
ಪೂರ್ತಿ ಹಾಗೆ ಮಾಡುತ್ತಾನೆ ಅಂತ ನಾನೂ ಹೇಳುವುದಿಲ್ಲ. ಆದರೆ 2008ರಲ್ಲಿ ಅಮೆರಿಕ ಮನೆಮನೆಗೆ ಚೆಕ್ ಕಳಿಸಿತಲ್ಲ, ಒಬ್ಬರಿಗೆ 300ರಿಂದ 600 ಡಾಲರ್. ಆಗ ಶಪಿರೊ ಮತ್ತು ಸ್ಲೆಮ್ರಾಡ್ ಅನ್ನುವ ಅರ್ಥಶಾಸ್ತ್ರಜ್ಞರು ಜನರನ್ನೇ ಕೇಳಿದರು, ಈ ದುಡ್ಡಿಗೆ ಏನು ಮಾಡುತ್ತೀರಿ ಅಂತ. ಹೆಚ್ಚಿನದನ್ನು ಖರ್ಚು ಮಾಡುತ್ತೇವೆ ಅಂದವರು ಐವರಲ್ಲಿ ಒಬ್ಬರಷ್ಟೇ. ಉಳಿದವರು ಸಾಲ ತೀರಿಸುತ್ತೇವೆ, ಉಳಿಸುತ್ತೇವೆ ಅಂದರು.

ಲೆಕ್ಕಿಗ:
ಅದೇ ಚೆಕ್ಕುಗಳ ಮೇಲೆ ಇನ್ನೊಂದು ಅಧ್ಯಯನವೂ ಇದೆ. ಪಾರ್ಕರ್ ಮತ್ತು ಸಂಗಡಿಗರದ್ದು, 2013ರಲ್ಲಿ ಬಂತು. ಅವರು ಜನರ ಮಾತು ಕೇಳಲಿಲ್ಲ, ಮನೆಖರ್ಚಿನ ಲೆಕ್ಕ ನೋಡಿದರು. ಚೆಕ್ಕುಗಳು ಬೇರೆ ಬೇರೆ ವಾರ ಬಂದಿದ್ದವು, ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳ ಪ್ರಕಾರ. ಲಾಟರಿ ಇದ್ದ ಹಾಗೆ. ಹಾಗಾಗಿ ಮೊದಲು ಪಡೆದವರನ್ನೂ ಇನ್ನೂ ಪಡೆಯದವರನ್ನೂ ಹೋಲಿಸಬಹುದಿತ್ತು. ಮೂರು ತಿಂಗಳಲ್ಲಿ, ವಾಹನದಂಥ ದೊಡ್ಡ ಸಾಮಾನೂ ಸೇರಿಸಿದರೆ, ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿತ್ತು ಅಂತ ಅವರ ಲೆಕ್ಕ.

ಸುಮ್ನೆ ಓದುಗ:
ಅಂದರೆ ಉಳಿಸುತ್ತೇವೆ ಅಂತ ಹೇಳಿ ಖರ್ಚು ಮಾಡಿದರು. ನನ್ನ ಜೀವನಚರಿತ್ರೆ.

ಗುತ್ತಿಗೆ ಲೆಕ್ಕ:
ರಸ್ತೆಯ ವಿಷಯಕ್ಕೆ ಬರೋಣ. ನಾನು ರಸ್ತೆ ಕಾಮಗಾರಿ ಹಿಡಿಯುವ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುವವನು. ಪ್ರಶ್ನೆಪುಟ ಅವರ ಭಾವನಿಗೆ ಇದನ್ನು ಓದಿಸಿ.

ಘೋಷಣೆ ಆದ ದಿನ ಪೇಪರಿನಲ್ಲಿ ದೊಡ್ಡ ಅಂಕಿ ಬರುತ್ತದೆ. ಆಮೇಲೆ ಸರ್ವೆ. ಆಮೇಲೆ ಎಸ್ಟಿಮೇಟ್, ಅದಕ್ಕೆ ತಾಂತ್ರಿಕ ಮಂಜೂರಾತಿ. ಟೆಂಡರ್ ಕರೆಯಬೇಕು. ಒಬ್ಬನೇ ಬಂದರೆ ಮತ್ತೆ ಕರೆಯಬೇಕು. ಜಾಗ ಬಿಡಿಸಿಕೊಳ್ಳಬೇಕು, ಅಡ್ಡ ಬಂದ ಕಂಬ, ಮರ, ನೀರಿನ ಪೈಪು ಸರಿಸಬೇಕು. ಒಂದೊಂದಕ್ಕೂ ಬೇರೆ ಇಲಾಖೆ, ಬೇರೆ ಸಹಿ. ಇಷ್ಟೆಲ್ಲ ಆದ ಮೇಲೆ ಕೆಲಸದ ಆದೇಶ. ಅಷ್ಟರಲ್ಲಿ ಆರ್ಥಿಕ ಹಿಂಜರಿತವೇ ಬೇಜಾರಾಗಿ ಎದ್ದು ಹೋಗಿರುತ್ತದೆ.

ಸರಿ, ಕೆಲಸ ಶುರುವಾಯಿತು. ಯಾರು ಬರುತ್ತಾರೆ? ಒಂದು ಜೆಸಿಬಿ, ಅದರ ಡ್ರೈವರ್, ಕೈಸನ್ನೆ ಮಾಡಲು ಒಬ್ಬ ಹುಡುಗ. ನಮ್ಮ ಯಜಮಾನರು ಈ ಕೆಲಸಕ್ಕೆ ಬಂದ ಕಾಲದಲ್ಲಿ ಅಷ್ಟು ಮಣ್ಣು ಅಗೆಯಲು ಐವತ್ತು ಜನ ಗುದ್ದಲಿ, ಬುಟ್ಟಿ ಹಿಡಿದು ವಾರಗಟ್ಟಲೆ ಇರುತ್ತಿದ್ದರಂತೆ. ಈಗ ನಾನು ಬರೆಯುವ ಪುಸ್ತಕದಲ್ಲಿ ಡಾಂಬರು, ಡೀಸೆಲ್, ಸಿಮೆಂಟು, ಯಂತ್ರದ ಬಾಡಿಗೆ, ಇವೇ ಪುಟಗಟ್ಟಲೆ. ಕೂಲಿ ಎಲ್ಲಕ್ಕಿಂತ ತೆಳ್ಳಗಿನ ಕಾಲಂ. ಡಾಂಬರು, ಡೀಸೆಲ್ ಎರಡೂ ಕಚ್ಚಾ ತೈಲದಿಂದ. ಎಣ್ಣೆ ಇಲ್ಲದ ದೇಶವಾದರೆ ಆ ದುಡ್ಡು ಮೊದಲ ಸುತ್ತಿನಲ್ಲೇ ಗಡಿ ದಾಟಿತು.

ಕೊನೆಗೆ ಬಿಲ್ಲು. ಇಂಜಿನಿಯರ್ ಟೇಪು ಹಿಡಿದು ಬಂದು ಅಳತೆ ಪುಸ್ತಕದಲ್ಲಿ ಬರೆಯಬೇಕು, ಅದು ನಾಲ್ಕು ಮೇಜು ದಾಟಬೇಕು. ನಮ್ಮದೊಂದು ಬಿಲ್ಲು ಹದಿನಾಲ್ಕು ತಿಂಗಳಿಂದ ಬಾಕಿ ಇದೆ. ಯಾವ ಕಚೇರಿ ಅಂತ ಕೇಳಬೇಡಿ, ಇನ್ನೂ ಅಲ್ಲಿಗೇ ಓಡಾಡಬೇಕು. ಆ ರಸ್ತೆಗೆ ಆಗಲೇ ಎರಡನೇ ಸಲ ಗುಂಡಿ ಮುಚ್ಚಿದ್ದೇವೆ.

ಕತ್ತಲೆ ಬೆಳಕು:
"ಹಿಂಜರಿತವೇ ಬೇಜಾರಾಗಿ ಎದ್ದು ಹೋಗಿರುತ್ತದೆ" 😂 ನಗು ತಡೆಯಲಾಗಲಿಲ್ಲ.

ಲೆಕ್ಕಿಗ:
ಇದು ಎಲ್ಲ ಕಡೆಯ ಕಥೆ. 2009ರ ಫೆಬ್ರವರಿಯಲ್ಲಿ ಅಮೆರಿಕ 78,700 ಕೋಟಿ ಡಾಲರಿನ ಉತ್ತೇಜನ ಕಾನೂನು ತಂದಾಗ, ಗುದ್ದಲಿ ಹಾಕಲು ತಯಾರಾಗಿರುವ ಕೆಲಸಗಳು ಸಾಲುಗಟ್ಟಿವೆ ಅಂತ ಹೇಳಿಕೊಂಡಿದ್ದರು. ಮರುವರ್ಷ ಒಬಾಮಾ ಅವರೇ, ಹಾಗೆ ತಯಾರಾಗಿರುವ ಕಾಮಗಾರಿ ಅನ್ನುವುದೇ ಇಲ್ಲ ಅಂತ ಒಪ್ಪಿಕೊಂಡರು.

ಪ್ರಶ್ನೆಪುಟ:
ಹಾಗಾದರೆ ನಾನೇ ಗೆದ್ದೆ ಅಂತಾಯಿತು?

ಹಳೇ ಮೋರಿ:
ಇಷ್ಟು ಬೇಗ ಗೆಲ್ಲಬೇಡಿ. ನಾನು ನಿವೃತ್ತ ಇಂಜಿನಿಯರ್. ಗುತ್ತಿಗೆ ಲೆಕ್ಕ ಅವರು ಹೇಳಿದ್ದೆಲ್ಲ ಹೊಸ ರಸ್ತೆಗೆ ನಿಜ. ಆದರೆ ಕಾಮಗಾರಿ ಅಂದರೆ ಹೊಸದೇ ಯಾಕೆ ಆಗಬೇಕು? ರಿಪೇರಿ ನೋಡಿ. ಜಾಗ ಬಿಡಿಸಬೇಕಿಲ್ಲ, ನಕ್ಷೆ ಬೇಡ, ಮರ ಕಡಿಯಬೇಕಿಲ್ಲ. ಕಟ್ಟಿಕೊಂಡ ಮೋರಿಯ ಹೂಳು ತೆಗೆಯುವುದು, ಶಾಲೆಯ ಸೋರುವ ಚಾವಣಿ, ಸೇತುವೆಯ ಕಿತ್ತುಹೋದ ಕಂಬಿ, ಕಾಲುವೆಯ ಬಿರುಕು. ಇವುಗಳ ಪಟ್ಟಿ ಪ್ರತಿ ಕಚೇರಿಯ ಕಪಾಟಿನಲ್ಲೂ ಇರುತ್ತದೆ, ದುಡ್ಡಿಲ್ಲ ಅಂತ ವರ್ಷಗಟ್ಟಲೆ ಕಟ್ಟಿಟ್ಟಿರುತ್ತಾರೆ. ಜೆಸಿಬಿ ನುಗ್ಗದ ಜಾಗಗಳು ಇವು, ಕೈಕೆಲಸವೇ ಜಾಸ್ತಿ. ನಾಳೆ ಬೆಳಗ್ಗೆ ಶುರು ಮಾಡಬಹುದು.

ಆದರೆ ಮಾಡುವುದಿಲ್ಲ. ಯಾಕೆ ಹೇಳಿ? ಹೂಳು ತೆಗೆದ ಮೋರಿಗೆ ಟೇಪು ಕತ್ತರಿಸಲು ಯಾರೂ ಬರುವುದಿಲ್ಲ.

ಮೂರನೇ ಬೆಂಚು:
ಮೇಲಿನ ಸಾಲಿಗೆ ನೂರು ಅಂಕ.

ಮೊಂಡುವಾದಿ:
ಗುಂಡಿ ತೋಡಿ ಗುಂಡಿ ಮುಚ್ಚಿದರೂ ಆರ್ಥಿಕತೆ ಏಳುತ್ತದೆ ಅಂತ ಕೇನ್ಸ್ ಹೇಳಿದ್ದರಲ್ಲ, ಅದೇ ಗುಂಡಿ ಮುಚ್ಚುವ ಯೋಜನೆಯಾ ಇದು?

ಹಳೇ ಮೋರಿ:
ಕೇನ್ಸ್ ಹೇಳಿದ್ದನ್ನು ಪೂರ್ತಿ ಹೇಳಿ. ಹಳೇ ಬಾಟಲಿಗಳಲ್ಲಿ ನೋಟು ತುಂಬಿ, ಪಾಳು ಗಣಿಯಲ್ಲಿ ಹೂತು, ಜನ ಅಗೆದು ತೆಗೆಯಲಿ ಅಂತ ಬಿಟ್ಟರೂ ನಿರುದ್ಯೋಗ ಇಳಿಯುತ್ತದೆ ಅಂದದ್ದು ನಿಜ. ಅದರ ಬೆನ್ನಿಗೇ, ಮನೆಗಿನೆ ಕಟ್ಟಿಸುವುದೇ ಹೆಚ್ಚು ವಿವೇಕದ ಕೆಲಸ ಅಂತಲೂ ಹೇಳಿದ್ದಾರೆ. ಸುಮ್ನೆ ಕೂರುವುದಕ್ಕಿಂತ ಅದೂ ಮೇಲು ಅನ್ನುವುದು ಅವರ ವ್ಯಂಗ್ಯ. ಎಲ್ಲರೂ ಬಾಟಲಿ ನೆನಪಿಟ್ಟುಕೊಂಡು ಮನೆ ಮರೆತರು.

ಕತ್ತಲೆ ಬೆಳಕು:
ರಸ್ತೆ, ನಗದು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್. 1935ರಲ್ಲಿ ಶುರು ಮಾಡಿದ ಡಬ್ಲ್ಯುಪಿಎ ಅನ್ನುವ ಉದ್ಯೋಗ ಯೋಜನೆಯಲ್ಲಿ ಹುಡುಗರನ್ನು ಕಾಡಿಗೆ ಕಳಿಸಿ ಸುಮಾರು 300 ಕೋಟಿ ಗಿಡ ನೆಡಿಸಿದರು.

ಲೆಕ್ಕಿಗ:
ಸಣ್ಣ ತಿದ್ದುಪಡಿ. ಗಿಡ ನೆಟ್ಟದ್ದು ಸಿಸಿಸಿ ಅನ್ನುವ ಇನ್ನೊಂದು ಯೋಜನೆ, 1933ರದ್ದು. ಡಬ್ಲ್ಯುಪಿಎ ಬೇರೆ, ಅದು 1943ರವರೆಗೆ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ರಸ್ತೆ, ಶಾಲೆ ಅಷ್ಟೇ ಅಲ್ಲ, ಬರಹಗಾರರಿಗೆ, ವಾದ್ಯ ನುಡಿಸುವವರಿಗೆ ಕೂಡ.

ನೀವು ಸಿಸಿಸಿ ತೆಗೆದದ್ದು ಒಳ್ಳೆಯದಾಯಿತು. ಹುಡುಗನಿಗೆ ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸುಮಾರು 25 ನೇರ ಮನೆಗೆ ಹೋಗುತ್ತಿತ್ತು, ಅವನ ಕೈಗೆ 5. ಊಟ, ಬಟ್ಟೆ, ವಸತಿ ಶಿಬಿರದಲ್ಲೇ. ಕಾಡಿನ ಮಧ್ಯೆ ಇರುವ ಹುಡುಗ 30 ಡಾಲರ್ ಇಟ್ಟುಕೊಂಡು ಏನು ಮಾಡುತ್ತಾನೆ? ಮನೆಯಲ್ಲಿರುವ ಅಮ್ಮನಿಗಾದರೆ ಆ 25 ತಿಂಗಳ ಕೊನೆಗೂ ಸಾಲದು. ಸಂಬಳ ಒಬ್ಬನ ಹೆಸರಿಗೆ, ಖರ್ಚು ಇನ್ನೊಬ್ಬರ ಕೈಯಲ್ಲಿ.

ಪ್ರಶ್ನೆಪುಟ:
ನಮ್ಮಮ್ಮ ಇದನ್ನೇ ಮಾಡುತ್ತಿದ್ದರು, ನನ್ನ ಮೊದಲ ಸಂಬಳಕ್ಕೆ. ನೀತಿ ಅಂತ ಗೊತ್ತಿರಲಿಲ್ಲ.

ತೂಕದ ಕಲ್ಲು:
ನಗದಿನ ಪರವಾಗಿ ಒಂದು. ಎಲ್ಲ ಅಮೆರಿಕದ್ದೇ ಆಯಿತು, ಕೀನ್ಯಾಕ್ಕೆ ಬನ್ನಿ. ಸಿಯಾಯಾ ಅನ್ನುವ ಜಿಲ್ಲೆಯಲ್ಲಿ 653 ಹಳ್ಳಿಗಳನ್ನು ತೆಗೆದುಕೊಂಡು, ಸುಮಾರು 10,500 ಬಡ ಕುಟುಂಬಗಳಿಗೆ ತಲಾ 1,000 ಡಾಲರಿನಷ್ಟು ಕೊಟ್ಟರು. ಯಾವ ಹಳ್ಳಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಇದು ಕಂಪ್ಯೂಟರ್ ಗಿಳಿ ಅಲ್ಲ ಮೊಂಡುವಾದಿಗಳೇ, ಮನೆಮನೆಗೆ ಹೋಗಿ ಕೇಳಿ ಬರೆದದ್ದು. ಗುಣಕ ಸುಮಾರು 2.5 ಬಂತು. ದುಡ್ಡು ಸಿಗದ ಪಕ್ಕದ ಮನೆಯವರ ಖರ್ಚೂ ಏರಿತ್ತು. ಬೆಲೆ ಏರಿದ್ದು ತೀರಾ ಅಲ್ಪ, ಶೇ. 0.1ರ ಆಸುಪಾಸು. 2022ರಲ್ಲಿ ಪ್ರಕಟವಾಯಿತು.

ಮೊಂಡುವಾದಿ:
ಇದನ್ನು ಒಪ್ಪುತ್ತೇನೆ, ಒಳ್ಳೆಯ ಪ್ರಯೋಗ. ಆದರೆ ಅಲ್ಲಿ ದುಡ್ಡು ಹೊರಗಿನಿಂದ ದಾನವಾಗಿ ಬಂದದ್ದು. ಅಲ್ಲಿನ ಜನ ಅದನ್ನು ತೆರಿಗೆಯಾಗಿ ತೀರಿಸಬೇಕಿಲ್ಲ. ಅಂಗಡಿ, ಗಿರಣಿ ಎಲ್ಲ ಅರ್ಧ ಖಾಲಿ ಕೂತಿದ್ದವು, ಹಾಗಾಗಿ ಬೇಡಿಕೆ ಬಂದಾಗ ಬೆಲೆ ಏರದೆ ಮಾಲು ಜಾಸ್ತಿಯಾಯಿತು. ಖಾಲಿ ಇಲ್ಲದ ಕಡೆ ಸುರಿದರೆ? ಅಮೆರಿಕ 2021ರ ಮಾರ್ಚ್‌ನಲ್ಲಿ 1.9 ಲಕ್ಷ ಕೋಟಿ ಡಾಲರ್ ಸುರಿಯಿತು. ಜನರಲ್ಲಿ ದುಡ್ಡಿತ್ತು, ಅಂಗಡಿಯಲ್ಲಿ ಸಾಕಷ್ಟು ಸಾಮಾನಿರಲಿಲ್ಲ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ. 9.1.

ಮೂರನೇ ಬೆಂಚು:
ಅದೆಲ್ಲ ಚೆಕ್ಕಿನಿಂದಲೇ ಆಯಿತಾ? ಯುದ್ಧ, ಎಣ್ಣೆ ಬೆಲೆ, ಚಿಪ್ ಕೊರತೆ ಯಾವುದೂ ಲೆಕ್ಕಕ್ಕಿಲ್ಲವಾ? ಚೆಕ್ ಕಳಿಸದ ದೇಶಗಳಲ್ಲೂ ಬೆಲೆ ಏರಿತ್ತು.

ಮೊಂಡುವಾದಿ:
ಅದರಿಂದಲೇ ಅಂದೆನಾ? ಅದೂ ಒಂದು ಕಾರಣ.

ಮೂರನೇ ಬೆಂಚು:
ನೀವು ಬರೆದ ಧಾಟಿ ಹಾಗಿತ್ತು.

ಸುಮ್ನೆ ಓದುಗ:
ಇಬ್ಬರೂ ನೀರು ಕುಡಿದು ಬನ್ನಿ.

ತೂಕದ ಕಲ್ಲು:
ತೆರಿಗೆ ಕಡಿತದ ಅಕ್ಕನನ್ನು ಎಲ್ಲರೂ ಮರೆತಿದ್ದೀರಿ. ಅವರ ಪರವಾಗಿಯೂ ಒಂದು ಹೇಳಬೇಕು. ಕಂಪನಿ ತೆರಿಗೆ ಬೇರೆ, ಮಾರಾಟ ತೆರಿಗೆ ಬೇರೆ. ಜರ್ಮನಿ 2020ರ ಜುಲೈನಿಂದ ಡಿಸೆಂಬರ್‌ವರೆಗೆ ಮಾತ್ರ ತನ್ನ ಮಾರಾಟ ತೆರಿಗೆಯಾದ ವ್ಯಾಟ್ ಅನ್ನು ಶೇ. 19ರಿಂದ 16ಕ್ಕೆ ಇಳಿಸಿತು. ಜನವರಿಗೆ ಮತ್ತೆ ಏರುತ್ತದೆ ಅಂತ ಗೊತ್ತಿದ್ದರೆ, ಫ್ರಿಜ್ ಕೊಳ್ಳಬೇಕು ಅಂದುಕೊಂಡವರು ಈಗಲೇ ಕೊಳ್ಳುತ್ತಾರೆ. ಕಡಿತಕ್ಕಿಂತ ಅದರ ಕೊನೆಯ ದಿನಾಂಕಕ್ಕೇ ಜಾಸ್ತಿ ಬಲ.

ಲೆಕ್ಕಿಗ:
ಮುಂದಿನ ವರ್ಷದ ಫ್ರಿಜ್ ಈ ವರ್ಷ ಬಂದರೆ ಮುಂದಿನ ವರ್ಷ ಯಾರು ಕೊಳ್ಳುತ್ತಾರೆ? ಅಮೆರಿಕ 2009ರ ಬೇಸಿಗೆಯಲ್ಲಿ ಹಳೇ ಕಾರು ಕೊಟ್ಟು ಹೊಸದು ಕೊಂಡವರಿಗೆ 3,500ರಿಂದ 4,500 ಡಾಲರ್ ಕೊಟ್ಟಿತು. ಒಟ್ಟು ಸುಮಾರು 300 ಕೋಟಿ ಡಾಲರ್ ಎರಡೇ ತಿಂಗಳಿಗೆ ಖಾಲಿ, ಹತ್ತಿರ ಹತ್ತಿರ 7 ಲಕ್ಷ ಕಾರು. ವೇಗ ಅಂದರೆ ಇದು! ಆಮೇಲೆ ಮಿಯಾನ್ ಮತ್ತು ಸೂಫಿ ಅನ್ನುವ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಜಾಸ್ತಿ ಮಾರಾಟವಾದ ಕಾರುಗಳಷ್ಟೂ ಮುಂದಿನ ಕೆಲವೇ ತಿಂಗಳಲ್ಲಿ ಕಡಿಮೆಯಾಗಿ ಹೆಚ್ಚುಕಮ್ಮಿ ಸಮವಾಗಿತ್ತು.

ಹಳೇ ಮೋರಿ:
ಆ ಯೋಜನೆಯ ಹೆಸರೆತ್ತಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಳೇ ಕಾರಿನ ಇಂಜಿನ್ ಮತ್ತೆ ಯಾರೂ ಬಳಸಬಾರದು ಅಂತ ನಿಯಮ. ಆಯಿಲ್ ಬಸಿದು, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಇಂಜಿನ್ ಚಾಲು ಮಾಡಿ ಬಿಡುತ್ತಿದ್ದರು. ಬಿಸಿಗೆ ಅದು ಗಾಜಿನ ಹಾಗೆ ಗಟ್ಟಿಯಾಗಿ, ಕೆಲವೇ ನಿಮಿಷದಲ್ಲಿ ಇಂಜಿನ್ ಕಿರುಚಿ ಹಿಡಿದುಕೊಳ್ಳುತ್ತಿತ್ತು. ಓಡುವ ಇಂಜಿನ್ನು ಸ್ವಾಮಿ! ಇದನ್ನೂ ಜಿಡಿಪಿ ಅಂತ ಬರೆದುಕೊಂಡರು.

ಕತ್ತಲೆ ಬೆಳಕು:
ಇಂಜಿನ್ನು ಕಿರುಚಿತು ಅಂತ ಓದಿ ನನಗೂ ಬೇಜಾರಾಯಿತು. ನನ್ನ ಹಳೇ ಸ್ಕೂಟರ್ ಇನ್ನೂ ಓಡುತ್ತಿದೆ. ಯಾರಿಗೂ ಹೇಳಬೇಡಿ.

ತೂಕದ ಕಲ್ಲು:
ಕೊನೆಯ ದಿನಾಂಕದ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಜಪಾನ್ 1999ರಲ್ಲಿ ದುಡ್ಡಿನ ಬದಲು ಕೂಪನ್ ಕೊಟ್ಟಿತು, 15 ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ, ಕೆಲವು ವೃದ್ಧರಿಗೆ. ತಲಾ 20,000 ಯೆನ್. ಆರು ತಿಂಗಳಲ್ಲಿ ಬಳಸದಿದ್ದರೆ ಬರೀ ಕಾಗದ. ಬ್ಯಾಂಕಿಗೆ ಹಾಕುವಂತಿಲ್ಲ.

ಮೂರನೇ ಬೆಂಚು:
ಕೂಪನ್ನಿನಲ್ಲಿ ಮನೆ ಸಾಮಾನು ಕೊಂಡು, ಮನೆ ಸಾಮಾನಿಗೆ ಎತ್ತಿಟ್ಟ ದುಡ್ಡನ್ನು ಬ್ಯಾಂಕಿಗೆ ಹಾಕಿದರಾಯಿತು. ಎಡಗೈ ಬಲಗೈ ಲೆಕ್ಕ.

ತೂಕದ ಕಲ್ಲು:
ಹೌದು, ಉಳ್ಳವರು ಹಾಗೆ ಮಾಡಬಹುದು. ಎತ್ತಿಟ್ಟ ದುಡ್ಡೇ ಇಲ್ಲದವರಿಗೆ ಆ ಆಟ ಆಡಲು ಬರುವುದಿಲ್ಲ. ಮತ್ತೆ ಅಲ್ಲಿಗೇ ಬಂದೆವು, ಯಾರ ಕೈಗೆ ಅನ್ನುವುದಕ್ಕೆ.

ಲೆಕ್ಕಿಗ:
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಹೊಸದಾಗಿ ಏನನ್ನೂ ಶುರು ಮಾಡದೆ, ಇರುವ ಕೆಲಸ ಹೋಗದಂತೆ ತಡೆಯುವುದೂ ಉತ್ತೇಜನವೇ. ಜರ್ಮನಿಯಲ್ಲಿ ಕುರ್ಜ್‌ಆರ್ಬೈಟ್ ಅಂತ ಇದೆ. ಕೆಲಸ ಕಡಿಮೆಯಾದರೆ ಕಂಪನಿ ಜನರನ್ನು ತೆಗೆಯುವುದಿಲ್ಲ, ಗಂಟೆ ಕಡಿಮೆ ಮಾಡುತ್ತದೆ. ಕಳೆದುಹೋದ ಸಂಬಳದಲ್ಲಿ ಶೇ. 60, ಮಕ್ಕಳಿದ್ದರೆ ಶೇ. 67, ಸರ್ಕಾರಿ ಕಡೆಯಿಂದ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಇದರಲ್ಲಿದ್ದರು. ಮೊದಲೇ ಕಾನೂನಿನಲ್ಲಿ ಇದ್ದದ್ದರಿಂದ ಹೊಸ ಯೋಜನೆ, ಟೆಂಡರ್ ಯಾವುದೂ ಬೇಕಾಗಲಿಲ್ಲ.

ಮತ್ತೆ ಮೊಂಡುವಾದಿಗಳಿಗೆ ಒಂದು. ಗುಣಕ ಸಣ್ಣದು ಅಂತ ನಂಬಿ ಖರ್ಚು ಕಡಿಮೆ ಮಾಡಿದವರ ಕಥೆಯೂ ಇದೆ. ಯುರೋಪಿನ ಸಾಲದ ಬಿಕ್ಕಟ್ಟಿನಲ್ಲಿ 0.5 ಅಂತ ಹಿಡಿದು ಲೆಕ್ಕ ಹಾಕಿದ್ದರು. 2012ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯವರೇ (ಐಎಂಎಫ್) ತಿರುಗಿ ನೋಡಿ, ನಿಜವಾಗಿ ಅದು 0.9ರಿಂದ 1.7ರವರೆಗೆ ಇತ್ತು ಅಂತ ಬರೆದರು. ಕತ್ತರಿ ಹಾಕಿದ್ದಕ್ಕೆ ಅಂದುಕೊಂಡದ್ದಕ್ಕಿಂತ ಜಾಸ್ತಿ ರಕ್ತ ಹೋಗಿತ್ತು.

ಮೊಂಡುವಾದಿ:
ಮಂಕು ಕಾಲದಲ್ಲಿ ಗುಣಕ ದೊಡ್ಡದು, ಒಳ್ಳೆ ಕಾಲದಲ್ಲಿ ಸಣ್ಣದು. ಇಷ್ಟು ಬೇಕಾದರೆ ಬರೆದುಕೊಡುತ್ತೇನೆ. ಒಳ್ಳೆ ಕಾಲ ಬಂದಾಗ ಖರ್ಚು ನಿಲ್ಲಿಸುತ್ತೀರಾ ಅನ್ನುವುದು ನನ್ನ ಪ್ರಶ್ನೆ. ಯಾರೂ ನಿಲ್ಲಿಸುವುದಿಲ್ಲ.

ಹಳೇ ಮೋರಿ:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ನೀವು ಸರಿ.

ಸುಮ್ನೆ ಓದುಗ:
ದಿನಾಂಕ ಬರೆದಿಡಿ. ಮೊಂಡುವಾದಿಗಳ ಮಾತನ್ನು ಒಬ್ಬರು ಒಪ್ಪಿದರು.

ಗುತ್ತಿಗೆ ಲೆಕ್ಕ:
ನನ್ನದೊಂದು ಸ್ವಾರ್ಥದ ಸಲಹೆ. ಹೊಸ ರಸ್ತೆ, ರಿಪೇರಿ, ಚೆಕ್ ಎಲ್ಲಕ್ಕಿಂತ ಮೊದಲು ಸರ್ಕಾರ ಹಳೇ ಬಿಲ್ಲು ಪಾವತಿಸಲಿ. ಕೆಲಸ ಮುಗಿದಿದೆ, ಅಳತೆ ಆಗಿದೆ, ಯಾರಿಗೆ ಎಷ್ಟು ಅಂತಲೂ ಗೊತ್ತಿದೆ. ಸಹಿ ಒಂದೇ ಬಾಕಿ.

ಲೆಕ್ಕಿಗ:
ಸ್ವಾರ್ಥ ಅಲ್ಲ, ಇಟಲಿ ಮಾಡಿದೆ. 2013ರಲ್ಲಿ ಸರ್ಕಾರಿ ಕಚೇರಿಗಳು ಉಳಿಸಿಕೊಂಡಿದ್ದ ಬಾಕಿಯಲ್ಲಿ 4,000 ಕೋಟಿ ಯೂರೋ ತೀರಿಸಲು ವಿಶೇಷ ಆದೇಶವನ್ನೇ ತಂದರು. ನಿಂತುಹೋದ ಕಂಪನಿಗಳ ಕೈಗೆ ದುಡ್ಡು ಬರಲಿ ಅಂತಲೇ.

ಪ್ರಶ್ನೆಪುಟ:
ಎಲ್ಲವನ್ನೂ ಭಾವನಿಗೆ ಓದಿ ಹೇಳಿದೆ. ಮೋರಿಯ ಹೂಳಿನ ಮಾತಿಗೆ, "ಅದೂ ಕಾಮಗಾರಿಯೇ, ಅಂದರೆ ನಾನು ಹೇಳಿದ್ದೇ ಸರಿ" ಅಂದರು. ಅಕ್ಕ 0.30 ನೋಡಿ, "ಅದು ಕಂಪನಿಗಳಿಗೆ, ನಾನು ಹೇಳಿದ್ದು ನನ್ನ ಸಂಬಳದ ತೆರಿಗೆ" ಅಂದಳು. ಇವತ್ತೂ ಊಟ ತಣ್ಣಗಾಯಿತು.

ಗುತ್ತಿಗೆ ಲೆಕ್ಕ ಅವರೇ, ನಿಮ್ಮ ಬಿಲ್ಲು ಪಾಸಾದರೆ ಆ ದುಡ್ಡಿಗೆ ಏನಾಗುತ್ತದೆ? ನಿಜ ಹೇಳಿ, ಖರ್ಚೋ ಉಳಿತಾಯವೋ?

ಗುತ್ತಿಗೆ ಲೆಕ್ಕ:
ಜಲ್ಲಿ ಕ್ರಷರಿನವರಿಗೆ ಒಂಬತ್ತು ತಿಂಗಳ ಬಾಕಿ ಇದೆ. ಅವರು ಲಾರಿಯವರಿಗೆ ಕೊಡಬೇಕು. ಲಾರಿಯವನು ಟೈರ್ ಅಂಗಡಿಗೆ ಕೊಡಬೇಕು, ಮೊನ್ನೆ ನನ್ನ ಮುಂದೆಯೇ ಫೋನಿನಲ್ಲಿ ಬೈಸಿಕೊಂಡ. ಟೈರ್ ಅಂಗಡಿಯವನದು ಯಾರಿಗೆ ಅಂತ ಕೇಳಿಲ್ಲ. ನನಗೆ ಎರಡು ತಿಂಗಳ ಸಂಬಳ ಬರಬೇಕು. ಅದರಲ್ಲಿ ಮೊದಲು ಕನ್ನಡಕ ಬದಲಾಯಿಸಬೇಕು, ಕೂಲಿಯ ಕಾಲಂ ಈಗ ಸರಿಯಾಗಿ ಕಾಣಿಸುತ್ತಲೇ ಇಲ್ಲ.